ಹೊಸ ಮಾದರಿ, ಒಂದು ಜೋಡಿ

ಆ ಕೈಗವಸುಗಳನ್ನು ನಾನು ಅವರ ಕೈಯಿಂದಲೇ ಇಸಿದುಕೊಂಡೆ. ಅವರು ಬಲಗೈಯದನ್ನು ಒಂದೊಂದೇ ಬೆರಳು ಎಳೆದು ಕಳಚಿದರು, ಆಮೇಲೆ ಎಡಗೈಯದು. ಒಳಭಾಗ ಬೆವರಿನಿಂದ ಒದ್ದೆಯಾಗಿತ್ತು. ಎರಡನ್ನೂ ಪ್ಲಾಸ್ಟಿಕ್ ಚೀಲಕ್ಕೆ ಹಾಕಿಕೊಂಡೆ. ರಶೀದಿ ಬರೆದು ಕೊಡಲಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಏಕೆಂದರೆ ಮುಂದೆ ಆದದ್ದೆಲ್ಲ ಇಲ್ಲಿಂದ ಹೊರಟದ್ದು.

ಅದು ತೊಂಬತ್ತೆಂಟನೆಯ ಇಸವಿ. ಪರದೇಶದಲ್ಲಿ, ಸುಬಾಂಗ್ ಜಯಾದ ಒಬ್ಬ ಕ್ಲಿಯರಿಂಗ್ ಏಜೆಂಟರ ಆಫೀಸಿನಲ್ಲಿ ನಾನು ಕೆಲಸಕ್ಕಿದ್ದೆ. ಹಡಗಿನಲ್ಲಿ ಬಂದ ಸರಕನ್ನು ಕಸ್ಟಮ್ಸ್‌ನಿಂದ ಬಿಡಿಸಿ ಕಾರ್ಖಾನೆಗಳಿಗೆ ತಲುಪಿಸುವುದು ಆಫೀಸಿನ ಕೆಲಸ. ಪ್ರತಿ ಸರಕಿಗೂ ಸುಂಕದ ಪುಸ್ತಕದಲ್ಲಿ ಯಾವ ಸಂಖ್ಯೆ ಎಂದು ಹುಡುಕಿ ಅರ್ಜಿಯಲ್ಲಿ ಬರೆಯುವುದು ನನ್ನ ಕೆಲಸ. ಕೊಡೆಗೊಂದು ಸಂಖ್ಯೆ, ಕೊಡೆಯ ಕಡ್ಡಿಗೆ ಇನ್ನೊಂದು. ಮಂಗಳೂರಿನಲ್ಲಿ ಬಿ.ಕಾಂ. ಮಾಡಿ ಬಂದವಳಿಗೆ ಈ ಪುಸ್ತಕ ಎಷ್ಟು ಹಿಡಿಸಿಬಿಟ್ಟಿತೆಂದರೆ, ಭಾನುವಾರ ಚರ್ಚಿನ ಪೂಜೆಗೆ ಹೋದಾಗಲೂ ಮೇಣದಬತ್ತಿ ಯಾವ ಅಧ್ಯಾಯ, ಅದರ ಹಿತ್ತಾಳೆ ಕಂಬ ಯಾವ ಅಧ್ಯಾಯ ಎಂದು ಯೋಚಿಸುತ್ತಿದ್ದೆ. ನಾಲ್ಕು ವರ್ಷದಲ್ಲಿ ನಾನು ಬರೆದ ಒಂದು ಅರ್ಜಿಯೂ ತಿದ್ದಲೆಂದು ವಾಪಸು ಬಂದಿರಲಿಲ್ಲ. ಅದನ್ನು ನಾನು ಯಾರಿಗೂ ಹೇಳುತ್ತಿರಲಿಲ್ಲ, ಆದರೆ ಮರೆಯುತ್ತಲೂ ಇರಲಿಲ್ಲ.

ಕೈಗವಸು ಕೊಟ್ಟವರು ನಮ್ಮ ಗಿರಾಕಿಯಾದ ಒಂದು ಗಾಜಿನ ಕಾರ್ಖಾನೆಯಲ್ಲಿ ಗಾಜು ಕತ್ತರಿಸುವ ವಿಭಾಗದ ಸೂಪರ್‌ವೈಸರ್. ಕುಂದಾಪುರದ ಕಡೆಯವರು, ಐವತ್ತರ ಹತ್ತಿರದ ವಯಸ್ಸು, ಕೆಲಸ ಕಲಿತದ್ದು ಮುಂಬೈಯಲ್ಲಿ. ನನಗೆ ಪರಿಚಯವಾದದ್ದು ನಮ್ಮ ದೇಶದವರೇ ಹೆಚ್ಚಾಗಿದ್ದ ಬ್ರಿಕ್‌ಫೀಲ್ಡ್ಸ್‌ನ ಒಂದು ಕಿರಾಣಿ ಅಂಗಡಿಯಲ್ಲಿ, ಇಬ್ಬರೂ ಒಂದೇ ಮೂಟೆಯ ಕುಚ್ಚಲಕ್ಕಿಗೆ ಕೈ ಹಾಕಿದಾಗ. ಅಂದಿನಿಂದ ನಾನು ಅವರಿಗೆ ಅಣ್ಣ ಎನ್ನುತ್ತಿದ್ದೆ. ಅವರು ನನ್ನನ್ನು, ನಮ್ಮ ಕಡೆ ಕ್ರಿಶ್ಚಿಯನ್ ಹೆಂಗಸರನ್ನು ಕರೆಯುವ ಹಾಗೆ, ಬಾಯಮ್ಮ ಎನ್ನುತ್ತಿದ್ದರು. ನನಗಾಗ ಇಪ್ಪತ್ತೇಳು. ಬಾಯಮ್ಮ ಅನ್ನಿಸಿಕೊಳ್ಳುವ ವಯಸ್ಸಲ್ಲ. ಅದು ಅವರಿಗೂ ಗೊತ್ತಿತ್ತು.

ಗಾಜಿನ ಕೆಲಸದವರು ಹತ್ತಿಯ ಕೈಗವಸು ಹಾಕಿಕೊಳ್ಳುತ್ತಿದ್ದರು. ಆ ವರ್ಷ ಕಾರ್ಖಾನೆಯವರು ಯುರೋಪಿನಿಂದ ಹೊಸ ಬಗೆಯವನ್ನು ತರಿಸಲು ಹೊರಟರು. ಬೂದು ಬಣ್ಣ, ಮಣಿಕಟ್ಟು ದಾಟುವಷ್ಟು ಉದ್ದ, ಮುಟ್ಟಿದರೆ ದಪ್ಪ ಕಾಲುಚೀಲದ ಹಾಗೆ, ಆದರೆ ನೂಲಿನ ಒಳಗೆ ಕೂದಲಿನಷ್ಟು ಸಣ್ಣ ಉಕ್ಕಿನ ತಂತಿ. ಹರಿತವಾದ ಅಂಚು ಅದನ್ನು ಕೊಯ್ಯುವುದಿಲ್ಲ. ಆರ್ಡರಿಗೆ ಮೊದಲು ಕೊರಿಯರಿನಲ್ಲಿ ಒಂದು ಜೋಡಿ ಮಾದರಿ ಬಂತು. ಕಾರ್ಖಾನೆಯವರು ರಿಜಿಸ್ಟರಿನಲ್ಲಿ ಸಹಿ ಹಾಕಿಸಿಕೊಂಡು ಅದನ್ನು ಅವರಿಗೆ ಕೊಟ್ಟರು. ಎರಡು ತಿಂಗಳು ಅವರು ಅದನ್ನು ಬಿಚ್ಚಲೇ ಇಲ್ಲವೆಂದು ಉಳಿದವರು ತಮಾಷೆ ಮಾಡುತ್ತಿದ್ದರು. ಒಮ್ಮೆ ನಾನು ಕಾಗದಗಳಿಗೆ ರುಜು ಪಡೆಯಲು ಹೋದಾಗ, ಒಂದು ಗಾಜಿನ ತುಂಡಿನ ಅಂಚನ್ನು ನನ್ನ ಕಣ್ಣೆದುರೇ ಅಂಗೈಮೇಲೆ ಎಳೆದು ತೋರಿಸಿದ್ದರು. ನಾನು ಕಿರುಚಿದೆ. ಅವರು ನಕ್ಕರು.

ಮೇ ತಿಂಗಳಲ್ಲಿ ಸರಕು ಬಂದರಿಗೆ ಬಂತು. ನಮ್ಮ ಧಣಿ, ಕ್ಲಾಂಗ್ ಕಡೆಯ ವಯಸ್ಸಾದ ಚೀನೀ ಗೃಹಸ್ಥರು, ಇನ್ವಾಯ್ಸನ್ನು ಒಮ್ಮೆ ನೋಡಿ, ಹೆಣೆದ ಕೈಗವಸು ತಾನೆ, ಹೆಣೆದ ಉಡುಪಿನ ಅಧ್ಯಾಯದಲ್ಲಿ ಹಾಕು, ಮುಗಿಸು ಎಂದರು. ಒಂದು ನಿಮಿಷದ ಮಾತು. ಆದರೆ ಇನ್ವಾಯ್ಸಿನಲ್ಲಿ ‘ಉಕ್ಕಿನ ತಂತಿ ಸಹಿತ’ ಎಂದಿತ್ತು. ಉಕ್ಕಿನ ವಸ್ತುಗಳಿಗೆ ಬೇರೆಯೇ ಅಧ್ಯಾಯವಿದೆ. ಎರಡರಲ್ಲಿ ಯಾವುದು? ನಾನು ಇಡೀ ಮಧ್ಯಾಹ್ನ ಸುಂಕದ ಪುಸ್ತಕದ ಟಿಪ್ಪಣಿಗಳನ್ನು ಓದಿದೆ. ಓದಿದಷ್ಟೂ ಕೇಳಿಬಿಡುವುದೇ ಸರಿ ಅನ್ನಿಸಿತು. ಕಸ್ಟಮ್ಸ್‌ಗೆ ಬರೆದು ಕೇಳಿದರೆ ಅವರು ಮಾದರಿಯನ್ನು ಬಿಚ್ಚಿ ನೋಡಿ ತೀರ್ಮಾನ ಕೊಡುತ್ತಾರೆ. ತೀರ್ಮಾನ ಬರುವವರೆಗೆ ಸರಕು ಗೋದಾಮಿನಲ್ಲಿರುತ್ತದೆ. ಧಣಿ ಕೈ ಆಡಿಸಿ, ನಿನ್ನಿಷ್ಟ ಎಂದರು.

ಅದಕ್ಕೆ ಮಾದರಿ ಬೇಕಿತ್ತು. ಗೋದಾಮಿನ ಪೆಟ್ಟಿಗೆ ಒಡೆಸಬೇಕಾದರೆ ಇನ್ನೊಂದು ಅನುಮತಿ, ಇನ್ನೊಂದು ವಾರ. ಹೊರಗೆ ಇದ್ದದ್ದು ಒಂದೇ ಜೋಡಿ.

ಊಟದ ಬಿಡುವಿನಲ್ಲಿ ಕಾರ್ಖಾನೆಯ ಕ್ಯಾಂಟೀನಿಗೆ ಹೋದೆ.

“ಇದನ್ನಾ?” ಅವರು ಎರಡೂ ಕೈ ಎತ್ತಿ ಹಿಡಿದರು. “ಇದನ್ನ ಕೊಟ್ರೆ ನಂಗೆ ಎಂತ ಉಂಟು ಮತ್ತೆ?”

“ಎರಡು ವಾರ ಅಣ್ಣ. ಹೆಚ್ಚೆಂದ್ರೆ ಮೂರು. ಆಮೇಲೆ ನಿಮ್ಮ ಸೆಕ್ಷನ್ನಿಗೆಲ್ಲ ಹೊಸದೇ ಬರ್ತದೆ.”

“ಅಲ್ಲ ಮಾರಾಯ್ರೆ, ಕೈಗೆ ಹಾಕುವ ಚೀಲ, ಕೈಗವಸು. ಇದ್ರಲ್ಲಿ ಕೇಳ್ಲಿಕ್ಕೆ ಎಂತ ಉಂಟು?”

“ಒಳಗೆ ತಂತಿ ಉಂಟಲ್ಲ.”

“ನನ್ನ ಹಲ್ಲಿನೊಳಗೂ ತಂತಿ ಉಂಟು. ನನ್ನನ್ನ ಯಾವುದಕ್ಕೆ ಹಾಕ್ತೀರಿ? ಕಬ್ಬಿಣಕ್ಕಾ?” ಎದುರಿಗೆ ಕೂತಿದ್ದ ತಮಿಳು ಹುಡುಗರು ಅರ್ಥವಾಗದೆಯೂ ನಕ್ಕರು. “ನಂಬರ್ ಇಲ್ದಿದ್ರೆ ಕೈಯೂ ಕೈಯಲ್ಲ ನಿಮ್ಗೆ, ಅಲ್ವಾ ಬಾಯಮ್ಮ?”

ನಾನು ಹೇಳಿದೆ: “ಹತ್ತಿಯದ್ದು ಎರಡು ಜೋಡಿ ಹಾಕ್ಕೊಳ್ಳಿ, ಒಂದರ ಮೇಲೊಂದು.”

ಇದು ನನ್ನದೇ ಸಲಹೆ. ಬೇರೆ ಯಾರೂ ಕೊಟ್ಟದ್ದಲ್ಲ.

“ಆಯ್ತು ಲಾ, ತಕೊಳ್ಳಿ,” ಎಂದು, ಮಾತಿನ ಕೊನೆಗೆ ಅಲ್ಲಿಯವರ ‘ಲಾ’ ಸೇರಿಸಿ, ಅವರು ಬೆರಳುಗಳನ್ನು ಎಳೆಯತೊಡಗಿದರು.

ಗಿರಾಕಿಯಿಂದ ಯಾವ ವಸ್ತು ತೆಗೆದುಕೊಂಡರೂ ನಮ್ಮ ಆಫೀಸಿನಲ್ಲಿ ಎರಡು ಪ್ರತಿಯ ರಶೀದಿ ಬರೆಯಬೇಕು. ರಶೀದಿ ಪುಸ್ತಕ ನನ್ನ ಬ್ಯಾಗಿನಲ್ಲೇ ಇತ್ತು. ಆ ಹೊತ್ತಿಗೆ ಅದನ್ನು ತೆಗೆಯುವುದು ನನಗೆ ನಾಚಿಕೆಯೆನಿಸಿತು. ಊರ ಕಡೆಯವರು, ಕಳೆದ ವಾರವಷ್ಟೇ ಒಣ ಸಿಗಡಿಯ ಪೊಟ್ಟಣ ಕೊಟ್ಟವರು. ಅವರ ಮುಂದೆ ರಶೀದಿ ಹರಿಯುವುದು ಹೇಗೆ? ಅವರೂ ಕೇಳಲಿಲ್ಲ. ಕೇಳಿದ್ದರೆ ನನಗೆ ಬೇಸರವಾಗುತ್ತಿತ್ತೇನೋ.

ರೂಮಿಗೆ ಬಂದು ಅವನ್ನು ಸಾಬೂನಿನಲ್ಲಿ ತೊಳೆದು ಬಾಲ್ಕನಿಯಲ್ಲಿ ಒಣಗಿಸಿದೆ. ಬಳಸಿದ ಮಾದರಿ ತಂದರೆ ಹೊಸದು ತನ್ನಿ ಎಂದು ಕಸ್ಟಮ್ಸ್‌ನವರು ಹಿಂದಕ್ಕೆ ಕಳಿಸುವುದನ್ನು ಕಂಡಿದ್ದೆ. ಅರ್ಜಿಯಲ್ಲಿ ಮಾದರಿಯ ವಿವರ ಎಂಬ ಖಾಲಿ ಜಾಗವಿತ್ತು. ಅಲ್ಲಿ ನಾನು ಬರೆದೆ: ‘ಹೊಸ ಮಾದರಿ, ಒಂದು ಜೋಡಿ, ಮಾರಾಟಗಾರರಿಂದ ಬಂದದ್ದು.’ ಆ ಅರ್ಜಿಯಲ್ಲಿ ಉಳಿದ ಪ್ರತಿಯೊಂದು ಮಾತೂ ನಿಜವಾಗಿತ್ತು.

ಕಸ್ಟಮ್ಸ್‌ನ ಅಧಿಕಾರಿಣಿ ನನ್ನ ಮುಂದೆಯೇ ಬಲಗೈಯ ಕೈಗವಸನ್ನು ಕತ್ತರಿಸಲು ಹೋದರು. ಕತ್ತರಿ ಜಾರಿತು. ಅವರು ಎದ್ದು ಹೋಗಿ ತಂತಿ ಕತ್ತರಿಸುವ ಇಕ್ಕಳ ತಂದರು. ಹೆಬ್ಬೆರಳ ಬುಡದಿಂದ ಶುರುಮಾಡಿ, ಎಳೆ ಬಿಡಿಸಿ, ಮಸೂರದ ಕೆಳಗಿಟ್ಟು, ಬಹಳ ಗಟ್ಟಿ ಎಂದು ಮೆಚ್ಚಿಕೊಂಡರು. ಪ್ರಯೋಗಾಲಯಕ್ಕೆ ಎರಡೂ ಬೇಕು, ವಾಪಸು ಸಿಗುವುದಿಲ್ಲ ಎಂದರು. ಸರಿ ಎಂದೆ.

ಎರಡು ವಾರ ಕಳೆಯಿತು. ಮೂರನೆಯ ವಾರ ಎರಡು ಸಲ ಫೋನ್ ಮಾಡಿ ವಿಚಾರಿಸಿದೆ. ನಾಲ್ಕನೆಯ ವಾರದ ಗುರುವಾರ ಕಾರ್ಖಾನೆಯ ಸ್ಟೋರಿನಿಂದ ಫೋನ್ ಬಂತು. ಕೈಗವಸು ಯಾವಾಗ ಬರುತ್ತದೆ ಎಂದು ಕೇಳಿದರು. ಇದನ್ನೇನು ಇಷ್ಟು ಗಟ್ಟಿಯಾಗಿ ಕೇಳುತ್ತಿದ್ದಾರೆ ಎಂದುಕೊಂಡೆ. ಆಮೇಲೆ ಹೇಳಿದರು.

ಎತ್ತುವಾಗ ಒಂದು ದೊಡ್ಡ ಗಾಜಿನ ಹಾಳೆ ನಡುವೆ ಸೀಳಿತ್ತು. ಕೈ ಬಿಟ್ಟರೆ ಎದುರಿಗೆ ಹಿಡಿದಿದ್ದವನ ಕಾಲ ಮೇಲೆ ಬೀಳುತ್ತಿತ್ತಂತೆ. ಅಣ್ಣ ಬಿಡಲಿಲ್ಲ. ಅಂಚು ಬಲಗೈಯ ಮಣಿಕಟ್ಟಿನ ಮೇಲೆ ಅಡ್ಡಕ್ಕೆ ಹೋಯಿತು.

ಆಸ್ಪತ್ರೆಯಲ್ಲಿ ಅವರ ಕೈಯನ್ನು ಮೊಳಕೈವರೆಗೆ ಕಟ್ಟಿ ದಿಂಬಿನ ಮೇಲೆ ಇಟ್ಟಿದ್ದರು. ಬೆರಳುಗಳ ತುದಿ ಮಾತ್ರ ಕಾಣುತ್ತಿತ್ತು. ನನ್ನನ್ನು ನೋಡಿದ ಕೂಡಲೆ, ನಾನು ಏನೂ ಕೇಳುವ ಮೊದಲೇ, ಅವರು ಹೇಳಿದರು:

“ಎರಡು ಜೋಡಿ ಹಾಕ್ಕೊಂಡಿದ್ದೆ ಬಾಯಮ್ಮ.”

ಸ್ನಾಯುರಜ್ಜುಗಳನ್ನು ಹೊಲಿದಿದ್ದಾರೆ, ಮೂರು ಬೆರಳು ಮಡಚಲು ಬರುವುದು ಸಂಶಯ ಎಂದು ಅಲ್ಲಿನ ಮಣಿಪಾಲದ ಕಡೆಯ ಡಾಕ್ಟರು ಕನ್ನಡದಲ್ಲೇ ಹೇಳಿದರು. ನಾನು ಅಲ್ಲಿ ಎಷ್ಟು ಹೊತ್ತು ಇದ್ದೆ ಎಂಬುದು ನೆನಪಿಲ್ಲ. ಕಿತ್ತಳೆ ಹಣ್ಣು ಒಯ್ದಿದ್ದೆ. ಸುಲಿಯಲು ಎರಡು ಕೈ ಬೇಕೆಂದು ಹೊಳೆದದ್ದು ಬಸ್ಸು ಹತ್ತಿದ ಮೇಲೆ.

ಹತ್ತು ದಿನದ ನಂತರ ಕಸ್ಟಮ್ಸ್‌ನ ತೀರ್ಮಾನ ಬಂತು. ಲೋಹದ ಎಳೆ ಸೇರಿದ ನೂಲನ್ನೂ ನೂಲೆಂದೇ ಎಣಿಸತಕ್ಕದ್ದು. ಆದ್ದರಿಂದ ಇವು ಹೆಣೆದ ಕೈಗವಸುಗಳೇ. ಧಣಿ ಮೊದಲ ನಿಮಿಷದಲ್ಲಿ ಹೇಳಿದ ಅದೇ ಅಧ್ಯಾಯ. ಮರುದಿನ ಸರಕು ಬಿಡುಗಡೆಯಾಯಿತು. ಅಣ್ಣನ ವಿಭಾಗದ ಎಲ್ಲರೂ ಆ ವಾರವೇ ಬೂದು ಕೈಗವಸು ಹಾಕಿಕೊಂಡರು.

ಆ ಹೊತ್ತಿಗೆ ಕಾರ್ಖಾನೆಯವರ ವಿಚಾರಣೆ ಶುರುವಾಗಿತ್ತು. ಆ ವರ್ಷ ಹಣದ ಮುಗ್ಗಟ್ಟಿನಿಂದ ಎಲ್ಲ ಕಡೆ ಕೆಲಸಗಾರರನ್ನು ಕಡಿಮೆ ಮಾಡುತ್ತಿದ್ದರು. ಅಲ್ಲಿ ಒಂದು ನಿಯಮವಿತ್ತು: ಕೊಟ್ಟ ರಕ್ಷಣೆಯ ಸಾಧನ ತೊಡದೆ ಗಾಯ ಮಾಡಿಕೊಂಡವರನ್ನು ಕೆಲಸದಲ್ಲಿ ಇಟ್ಟುಕೊಳ್ಳುವುದಿಲ್ಲ. ತಪ್ಪು ಗಾಯಗೊಂಡವರದಲ್ಲವಾದರೆ ಸ್ಟೋರಿನಲ್ಲಿ ಕೂರುವ ಕೆಲಸ ಕೊಡುತ್ತಾರೆ. ಅಣ್ಣನಿಗೆ ಆ ಸ್ಟೋರಿನ ಕೆಲಸ ಬೇಕಿತ್ತು. ಈ ಕೈ ಇಟ್ಟುಕೊಂಡು ಬೇರೆ ಯಾರೂ ಕರೆಯುವುದಿಲ್ಲವೆಂದು ನನ್ನೊಡನೆಯೇ ಅಂದಿದ್ದರು. ಆದರೆ ರಿಜಿಸ್ಟರಿನಲ್ಲಿ ಕೊಯ್ಯಲಾಗದ ಕೈಗವಸು ಒಂದು ಜೋಡಿ ಪಡೆದದ್ದಕ್ಕೆ ಅವರ ಸಹಿ ಇತ್ತು. ಅದೆಲ್ಲಿ ಎಂದು ಕೇಳಿದರು. ಕಸ್ಟಮ್ಸ್‌ಗೆ ಕೊಟ್ಟೆ ಎಂದು ಅಣ್ಣ ಹೇಳಿದರು. ರಶೀದಿ ಎಲ್ಲಿ ಎಂದು ಕೇಳಿದರು.

ಶುಕ್ರವಾರ ಕಾರ್ಖಾನೆಯವರು ನಮ್ಮ ಆಫೀಸಿಗೆ ಫೋನ್ ಮಾಡಿದರು. ಧಣಿ ಫೈಲು ತೆರೆದು ನನ್ನ ಅರ್ಜಿಯ ಪ್ರತಿ ನೋಡಿ, ಇಲ್ಲ, ನಾವು ಕಳಿಸಿದ್ದು ಮಾರಾಟಗಾರರಿಂದ ಬಂದ ಹೊಸ ಮಾದರಿ ಎಂದು ಓದಿ ಹೇಳಿದರು. ಕಾಗದದ ಪ್ರಕಾರ ಅವರು ಹೇಳಿದ್ದು ಸರಿ. ಫೋನ್ ಇಟ್ಟಮೇಲೆ ನನ್ನನ್ನು ಕರೆದರು. ನಾನು ನಡೆದದ್ದು ಹೇಳಿದೆ. ಅವರು ಬಯ್ಯಲಿಲ್ಲ. “ಇದು ನಿನ್ನ ಕೈಬರಹ ಲಾ. ಈಗ ಬೇರೆ ಹೇಳಿದರೆ ಕಸ್ಟಮ್ಸ್‌ಗೆ ಸುಳ್ಳು ಬರೆದೆವೆಂದು ಒಪ್ಪಿಕೊಂಡ ಹಾಗೆ. ನನ್ನ ಲೈಸೆನ್ಸಿನ ಪ್ರಶ್ನೆ. ಯೋಚನೆ ಮಾಡು,” ಎಂದರು.

ನಾನು ಯೋಚನೆ ಮಾಡಿದೆ. ಶನಿವಾರ ಅರ್ಧ ದಿನ ಕೆಲಸ ಮಾಡಿ ರೂಮಿಗೆ ಬಂದು ಬಟ್ಟೆ ಒಗೆದೆ. ಭಾನುವಾರ ಪೂಜೆಗೆ ಹೋದೆ. ಪಾಪನಿವೇದನೆಯ ಸಾಲಿನಲ್ಲಿ ನಿಂತು, ನನ್ನ ಸರದಿ ಬರುವ ಮುನ್ನ ಹೊರಗೆ ಬಂದೆ. ಸೋಮವಾರ ಆಫೀಸಿನಲ್ಲಿ ಪ್ಲಾಸ್ಟಿಕ್ ಬಕೆಟ್ಟುಗಳ ಅರ್ಜಿ ಬರೆದೆ. ಸಂಜೆ ರೂಮಿನಲ್ಲಿ ಕೂತು ಎಲ್ಲವನ್ನೂ ಒಂದು ಹಾಳೆಯಲ್ಲಿ ಬರೆದೆ: ಯಾವ ದಿನ, ಎಲ್ಲಿ, ಯಾರ ಕೈಯಿಂದ ಪಡೆದೆ, ರಶೀದಿ ಕೊಡಲಿಲ್ಲ, ತೊಳೆದೆ, ಹೊಸದೆಂದು ಬರೆದದ್ದು ಸುಳ್ಳು. ಕೆಳಗೆ ಸಹಿ ಹಾಕಿದೆ.

ಮಂಗಳವಾರ ಬೆಳಿಗ್ಗೆ ಆಫೀಸಿಗೆ ಹೋಗದೆ ಕಾರ್ಖಾನೆಗೆ ಹೋದೆ. ಸಿಬ್ಬಂದಿ ವಿಭಾಗದ ಹೆಂಗಸು ನನ್ನ ಹಾಳೆಯನ್ನು ಎರಡು ಸಲ ಓದಿದರು. ಕುಡಿಯಲು ನೀರು ಕೊಟ್ಟರು. ಆಮೇಲೆ ಫೈಲಿನಿಂದ ಒಂದು ಕಾಗದ ತೆಗೆದು ನನ್ನ ಕಡೆ ತಿರುಗಿಸಿ ಇಟ್ಟರು. ‘ಕೊಟ್ಟ ಕೈಗವಸನ್ನು ತೊಡದೇ ಇದ್ದದ್ದು ನನ್ನ ತಪ್ಪು’ ಎಂದು ಅದರಲ್ಲಿ ಟೈಪು ಮಾಡಿತ್ತು. ಕೆಳಗೆ ಎಡಗೈಯಲ್ಲಿ ಹಾಕಿದ, ಮಕ್ಕಳ ಅಕ್ಷರದಂಥ ಸಹಿ. ಹಿಂದಿನ ದಿನದ ತಾರೀಕು.

“ನಿಮ್ಮ ಪತ್ರ ಫೈಲಿನಲ್ಲಿ ಇಡುತ್ತೇನೆ,” ಎಂದರು ಆಕೆ. “ಆದರೆ ಅವರೇ ಒಪ್ಪಿಕೊಂಡಿದ್ದಾರೆ. ಊರಿಗೆ ಟಿಕೇಟೂ ಆಗಿದೆ.”

ಅಲ್ಲಿಂದ ರೈಲು ಹಿಡಿದು ನೇರ ಬ್ರಿಕ್‌ಫೀಲ್ಡ್ಸ್‌ಗೆ ಹೋದೆ. ಅವರು ಇನ್ನಿಬ್ಬರ ಜೊತೆ ಹಂಚಿಕೊಂಡಿದ್ದ ಕೋಣೆ, ಒಂದು ಸೀರೆ ಅಂಗಡಿಯ ಮೇಲೆ. ಬಾಗಿಲು ತೆರೆದೇ ಇತ್ತು. ನೆಲದ ಮೇಲೆ ಕೂತು ಎಡಗೈಯಿಂದ ಒಂದು ರಟ್ಟಿನ ಪೆಟ್ಟಿಗೆಗೆ ಬಟ್ಟೆ ತುಂಬುತ್ತಿದ್ದರು. ನಿಂತುಕೊಂಡೇ ಎಲ್ಲ ಹೇಳಿದೆ, ಹಾಳೆಯಲ್ಲಿ ಬರೆದ ಕ್ರಮದಲ್ಲಿಯೇ. ಅವರು ಅಂಗಿ ಮಡಚುವುದನ್ನು ನಿಲ್ಲಿಸಿ ಕೇಳಿದರು.

“ಯಾವಾಗ ಹೋದದ್ದು ನೀವು?”

“ಈಗ. ಬೆಳಿಗ್ಗೆ.”

“ಇವತ್ತಾ?”

“ಹೌದು ಅಣ್ಣ.”

ಅವರು ಅಂಗಿಯನ್ನು ಮೊಣಕಾಲ ಮೇಲೆ ಇಟ್ಟುಕೊಂಡರು. ಕೆಳಗಿನ ಅಂಗಡಿಯಲ್ಲಿ ಯಾರೋ ತಮಿಳಿನಲ್ಲಿ ಚೌಕಾಸಿ ಮಾಡುತ್ತಿದ್ದರು.

“ಶನಿವಾರದಿಂದ ಕೇಳ್ತಾ ಇದ್ರು, ಸೈನ್ ಹಾಕು, ಸೈನ್ ಹಾಕು, ಇಲ್ದಿದ್ರೆ ಊರಿಗೆ ಟಿಕೇಟೂ ಇಲ್ಲ ಅಂತ,” ಎಂದರು. “ನಾನು ಹಾಕ್ಲಿಲ್ಲ. ಬಾಯಮ್ಮ ಬರ್ತಾರೆ, ಬಂದು ಹೇಳ್ತಾರೆ, ಅವರ ಹತ್ರ ಎಲ್ಲ ಬರ್ದಿದ್ದು ಇರ್ತದೆ ಅಂದೆ. ನಿನ್ನೆ ಮಧ್ಯಾಹ್ನ ಮೂರು ಗಂಟೆವರೆಗೆ ಅಂದೆ.”

ದನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ನಾನು ಅದನ್ನು ಹಿಡಿದುಕೊಂಡು ಏನಾದರೂ ಹೇಳಬಹುದಿತ್ತು.

“ನೀವು ಬರ್ತೀರಿ ಅಂತ ಗೊತ್ತಿದ್ರೆ ಹಾಕ್ತಿರ್ಲಿಲ್ಲ,” ಎಂದರು. ಮತ್ತೆ ಅಂಗಿಯ ತೋಳನ್ನು ಒಂದೇ ಕೈಯಲ್ಲಿ ಮಡಚಲು ನೋಡಿದರು. ಅದು ಬಿಚ್ಚಿಕೊಂಡಿತು. ನಾನು ಕೂತು ಮಡಚಿದೆ. ಉಳಿದ ಬಟ್ಟೆಗಳನ್ನೂ ಮಡಚಿದೆ. ಅವರು ತೋರಿಸಿದಲ್ಲಿ ಇಟ್ಟೆ. ಪೆಟ್ಟಿಗೆಯ ಮುಚ್ಚಳವನ್ನು ಅವರು ಮೊಳಕೈಯಿಂದ ಅದುಮಿ ಹಿಡಿದರು, ನಾನು ಹಗ್ಗ ಸುತ್ತಿದೆ.

“ಗಟ್ಟಿ ಎಳೀರಿ,” ಎಂದರು. “ವಿಮಾನದವ್ರು ಎಸೀತಾರೆ.”

ನಾನು ಎಳೆದೆ.

“ಇನ್ನೂ ಗಟ್ಟಿ.”