ಹೆಬ್ಬೆಯಲ್ಲಿ ಸಿಕ್ಕ ಹಿಮಾಲಯದ ಜೀರುಂಡೆ

ಹುಳು ಎಂದರೆ ಹೊಸಕಿ ಹಾಕುವ ವಸ್ತುವಲ್ಲ, ಹೆಸರು ಹಿಡಿದು ಕರೆಯಬೇಕಾದ ಜೀವ ಎಂದು ಕಡೂರು, ತರೀಕೆರೆ, ಅಜ್ಜಂಪುರದ ಮಕ್ಕಳಿಗೆ ಕಲಿಸಿದವರು ಪ್ರಾಣಿಶಾಸ್ತ್ರದ ಮೇಷ್ಟ್ರು ಶ್ರೀ ಗುರುಮೂರ್ತಿಯವರು. ಅಜ್ಜಂಪುರದಲ್ಲಿ ಹುಟ್ಟಿ, ಕಡೂರಿನಲ್ಲಿ ಪಾಠ ಆರಂಭಿಸಿ, ಎಮ್ಮೆದೊಡ್ಡಿ ಕಾವಲಿನಲ್ಲಿ ಸಗಣಿಹುಳುಗಳ ಬೆನ್ನುಹತ್ತಿ ಅಲೆದು, ಈಗ ತರೀಕೆರೆಯಲ್ಲಿ ನಿವೃತ್ತರಾಗುತ್ತಿರುವ ಈ ಹಿರಿಯರು, ಹಸಿದು ಬಂದ ವಿದ್ಯಾರ್ಥಿಗೆ ತಮ್ಮ ಬುತ್ತಿಯನ್ನೇ ಬಿಚ್ಚಿಕೊಟ್ಟವರು. ಹುಳುವಿಗೆ ಅಂಟಿಸಿದ ತಪ್ಪು ಲೇಬಲ್ಲನ್ನು ಮಾತ್ರ ಎಂದೂ ಕ್ಷಮಿಸಿದವರಲ್ಲ.

ಆ ನಿಷ್ಠುರತೆ ಈ ವರ್ಷ ಅವರ ಬುಡಕ್ಕೇ ಬಂತು. ಸಂಶೋಧನಾ ವಿದ್ಯಾರ್ಥಿನಿ ಪ್ರಜ್ಞಾ ಹೆಬ್ಬೆಯ ಕಾಡಿನಿಂದ ಸೋಲ್ಜರ್ ಬೀಟಲ್ ಎಂಬ ಜಾತಿಯ ಒಂದು ಜೀರುಂಡೆ ತಂದಿದ್ದಳು. ಹಿಂದೆ ಹಿಮಾಲಯದಿಂದ ಗುರುಗಳೇ ತಂದಿದ್ದ ಜೀರುಂಡೆಯ ಪಕ್ಕದಲ್ಲಿಟ್ಟು ಮೈಕ್ರೋಸ್ಕೋಪಿನಲ್ಲಿ ನೋಡಿದರೆ ಕತ್ತಿನ ಫಲಕ, ಉಗುರು, ಜನನಾಂಗದ ಆಕಾರ ಎಲ್ಲವೂ ಒಂದೇ. ಹಿಮಾಲಯದ ಪ್ರಭೇದ ನಮ್ಮ ಘಟ್ಟದಲ್ಲಿ ಸಿಕ್ಕಿತೆಂದರೆ ಶಿಷ್ಯೆಯ ಪಿಎಚ್.ಡಿ.ಗೆ ಕಿರೀಟ, ಗುರುವಿಗೆ ಬದುಕಿಡೀ ಕಾದ ದಾಖಲೆ. ಗುರುಗಳ ನಿವೃತ್ತಿ ಸನ್ಮಾನದ ವೇದಿಕೆಯಲ್ಲೇ ಘೋಷಣೆಯೆಂದು ಸನ್ಮಾನ ಸಮಿತಿಯ ಬೆನಕಪ್ಪನವರು ಊರಿಗೆಲ್ಲ ಸಾರಿಯೂ ಬಿಟ್ಟಿದ್ದರು.

ಸಂಶೋಧನಾ ಪತ್ರಿಕೆಗೆ ಲೇಖನ ಕಳಿಸುವ ಮುನ್ನಾದಿನ ಗುರುಗಳು ಹೆಬ್ಬೆಯ ಹುಳುವಿನ ಫೋಟೊ ನೋಡಿ, ಒಂದು ಕಾಲೇಕಿಲ್ಲ ಎಂದು ಕೇಳಿದರು.

"ಪಿನ್ ಚುಚ್ಚುವಾಗ ಲಟಕ್ಕಂತ ಮುರ್ದೋಯ್ತು ಸಾರ್."

ಗುರುಗಳು ಫೋಟೊ ಕೆಳಗಿಟ್ಟರು. ಆಗಷ್ಟೇ ಹಿಡಿದ ಸೋಲ್ಜರ್ ಬೀಟಲ್ಲಿನ ಮೈ ಮೆತ್ತಗಿರುತ್ತದೆ. ಕಾಲು ಬಾಗುತ್ತದೆ, ಮುರಿಯುವುದಿಲ್ಲ; ಮುರಿಯುವುದು ಎಂದೋ ಸತ್ತು ಒಣಗಿದ್ದರೆ ಮಾತ್ರ.

"ಸಿಕ್ಕಾಗ ಜೀವ ಇತ್ತೇನಮ್ಮಾ?"

"ಬಲೆ ಕೊಡವ್ದಾಗ ಎಲ್ಲದ್ರ ಜೊತೆ ಬಿತ್ತು. ನೋಡ್ಲಿಲ್ಲ ಸಾರ್."

"ಯಾವ ಬಲೆ?"

"ನೀವೇ ಕೊಟ್ಟಿದ್ದು."

ಅದು ಹಿಮಾಲಯಕ್ಕೆ ಹೋಗಿ ಬಂದ ಬಲೆ. ಗೋಡೆಯ ಮೊಳೆಗೆ ನೇತುಬಿದ್ದಿದ್ದ ಅದನ್ನು ಮುಟ್ಟಲು ಗುರುಗಳಿಗೆ ನಿಜಕ್ಕೂ ಭಯವಾಯಿತು. ಪಕ್ಕದಲ್ಲೇ ಕುಳಿತಿದ್ದ ಬೆನಕಪ್ಪನವರು ಗೊಣಗಿದರು: "ಸಿಕ್ಕಿದ್ದು ಹೆಬ್ಬೇಲಿ ತಾನೇ? ಬಿಡ್ರೀ ಮೇಷ್ಟ್ರೇ, ಯಾಕ್ ಸುಮ್ನೆ ಕೆದಕ್ತೀರಿ."

ಬಿಡಬಹುದಿತ್ತು, ಕೇಳುವವರು ಯಾರೂ ಇರಲಿಲ್ಲ. ಗುರುಗಳು ಬಲೆಯ ಒಳಮೈ ಹೊರಗೆ ಮಾಡಿ, ಹೊಲಿಗೆಯ ಮಡಿಕೆ ಬಿಡಿಸಿ ಬಿಳಿ ಹಾಳೆಯ ಮೇಲೆ ಕೊಡವಿದರು. ಹೆಬ್ಬೆಯಲ್ಲಿ ಬೆಳೆಯದ, ಹಿಮಾಲಯದ ದೇವದಾರಿನ ಒಣ ಎಲೆಯ ಚೂರುಗಳು ಬಿದ್ದವು. ಅವುಗಳ ನಡುವೆ ಅದೇ ಜೀರುಂಡೆಯ ಬಣ್ಣದ ಒಂದು ಮುರುಕು ರೆಕ್ಕೆಯಿತ್ತು.

ಪ್ರಜ್ಞಾ ಮುಖ ಮುಚ್ಚಿಕೊಂಡಳು.

"ಅಳಬೇಡ ಕಣಮ್ಮ. ಹಿಮಾಲಯದಿಂದ ಬಂದು ಕೊಡವದೆ ನೇತ್ಹಾಕಿದ್ದು ನಾನು," ಎಂದರು ಗುರುಗಳು. ಸಂಕಟ ಅವರಿಗೂ ಕಡಿಮೆಯಿರಲಿಲ್ಲ.

ಲೇಖನ ಹೋಗಲಿಲ್ಲ. ವೇದಿಕೆಯಲ್ಲಿ ಹಾರ ಹಾಕಿಸಿಕೊಂಡು ಅವರು ಘೋಷಿಸಿದ್ದು ತಮ್ಮ ತಪ್ಪನ್ನು; ಬೆನಕಪ್ಪನವರೇ ಮೊದಲು ಚಪ್ಪಾಳೆ ತಟ್ಟಿದರು.

ಈಗ ಗುರುಶಿಷ್ಯೆಯರು ಮತ್ತೆ ಹೆಬ್ಬೆಯ ಕಡೆಗೆ ಹೊರಡುತ್ತಾರೆ. ಬಸ್ ಹತ್ತುವ ಮುನ್ನ ತರೀಕೆರೆ ನಿಲ್ದಾಣದಲ್ಲಿ ಇಬ್ಬರೂ ಬಲೆ ತಿರುವಿ ಕೊಡವುವುದನ್ನು ಕಂಡು ಜನ ನಗುತ್ತಾರೆ. ಕೊಡವುವ ಆ ಕೈಗಳಿಗೆ ನೂರು ವರ್ಷ ತುಂಬಲಿ.