ರಾಡಿ ನೀರು ಕಂಡ ಮುಂಜಾನೆ

ಕೆಂಡದ ಮೇಲೆ ಏಡಿ ಸುಡುವ ವಾಸನೆ ಬಂದರೆ ಈಗಲೂ ನನ್ನ ಬಾಯಲ್ಲಿ ನೀರೂರುತ್ತದೆ, ಆದರೆ ಮುಟ್ಟಲು ಕೈ ಹೋಗುವುದಿಲ್ಲ. ಮುಂಡಗೋಡದ ಕಡೆ, ಕೆರೆ ಏರಿಯ ಕೆಳಗೆ ನಮ್ಮ ಅಜ್ಜನ ಮನೆಯಿತ್ತು. ಮಣ್ಣಿನ ಗೋಡೆ, ನಾಡಹೆಂಚು, ಹಿಂದೆ ಎತ್ತಿನ ಕೊಟ್ಟಿಗೆ. ಒಲೆಯ ಮುಂದೆ ಕೂತರೂ ತೂಬಿನಿಂದ ನೀರು ಬೀಳುವ ಸದ್ದು ಕೇಳುತ್ತಿತ್ತು. ಅಜ್ಜ ಊರಿನ ನೀರಗಂಟಿ. ಯಾರ ಗದ್ದೆಗೆ ಎಷ್ಟು ನೀರು ಎಂಬುದು ಅವನ ಮಾತಿನ ಮೇಲೆಯೇ ನಡೆಯುತ್ತಿತ್ತು. ದಿನಾ ನಸುಕಿನಲ್ಲಿ ಕೋಲು ಹಿಡಿದು ಏರಿಯನ್ನೊಂದು ಸುತ್ತು ಹಾಕುವನು. ಎಷ್ಟೋ ಸಲ ಅವನ ಧೋತರದ ಚುಂಗು ಹಿಡಿದು ನಾನೂ ಹೋಗಿದ್ದುಂಟು. ಏರಿಯ ಬುಡದಲ್ಲಿ ಜಿನುಗುವ ನೀರನ್ನು ಬೊಗಸೆಯಲ್ಲಿ ಹಿಡಿದು ತೋರಿಸುತ್ತಿದ್ದ. “ತಿಳಿ ನೀರ ಬಂದ್ರ ಅಂಜಬ್ಯಾಡ ತಂಗಿ, ಏರಿ ಬೆವರತೈತಿ ಅಷ್ಟ. ರಾಡಿ ನೀರ ಬಂತಂದ್ರ ಏರಿ ಒಳಗ ಕರಗಾಕತ್ತೈತಿ. ಆವಾಗ ಇದ್ದಬದ್ದ ಕೆಲಸ ಬಿಟ್ಟು ಓಡಿ ಬಂದು ನನಗ ಹೇಳಬೇಕು.”

ಅಜ್ಜನಿಗೆ ಸಿಟ್ಟು ಬರುತ್ತಿದ್ದದ್ದು ಒಂದೇ ಕಾರಣಕ್ಕೆ, ಏರಿಯಲ್ಲಿ ಏಡಿಯ ಬಿಲ ಅಗೆದರೆ. ಆದರೆ ಮಳೆಗಾಲದ ಏಡಿಯ ರುಚಿ ಕಂಡ ನಾಲಿಗೆ ಕೇಳಬೇಕಲ್ಲ. ಗಾಡಿಗಾಲಿಗೆ ಹಳಿ ಕಟ್ಟುವ ಸಾಹೇಬರ ಮಗ ಹುಸೇನ ನನ್ನ ಓರಗೆಯವನು. ಅಪ್ಪನ ಕುಲುಮೆಯಿಂದ ಕಬ್ಬಿಣದ ಸಲಾಕೆ ತಂದ. ಒಂದು ಸಂಜೆ ಏರಿಯ ಹೊರಮೈಯಲ್ಲಿ ಸಲಾಕೆ ಪೂರ್ತಿ ಒಳಗೆ ಹೋಗುವವರೆಗೆ ಅಗೆದೆವು, ಮೂರು ಏಡಿ ಹಿಡಿದೆವು, ಅಜ್ಜನ ಕಣ್ಣಿಗೆ ಬೀಳದಿರಲೆಂದು ಹುಲ್ಲಿನ ಹೆಂಟೆಯನ್ನು ಬಿಲದ ಬಾಯಿಗೆ ಮುಚ್ಚಿದೆವು.

ಮರುದಿನ ಶಾಲೆಗೆ ಹೋಗುವಾಗ ಆ ಹೆಂಟೆಯ ಸಂದಿನಿಂದ ಬೆರಳು ದಪ್ಪದ ನೀರು ಬರುತ್ತಿತ್ತು. ಬೊಗಸೆ ಒಡ್ಡಿದೆ. ರಾಡಿ. ಹುಸೇನ ನನ್ನ ಮುಖ ನೋಡಿದ, ನಾನು ಅವನದು. ಮನೆ ಕೂಗಿದರೆ ಕೇಳುವಷ್ಟು ಹತ್ತಿರ ಇತ್ತು. ನಾವು ಜಿಗುಟು ಮಣ್ಣು ತುರುಕಿ, ಮತ್ತೊಂದು ಹೆಂಟೆ ಒತ್ತಿ, ಕೈ ತೊಳೆದುಕೊಂಡು ಶಾಲೆಗೆ ಹೋದೆವು.

ಧಾರವಾಡದಿಂದ ಹೊಸದಾಗಿ ಬಂದಿದ್ದ ಮಾಸ್ತರರು ಅಂದೇ ಕೇಳಬೇಕೆ, ಈ ಸೀಮೆಯಲ್ಲಿ ನೀವು ಯಾವುದಕ್ಕೆ ಅಂಜುತ್ತೀರಿ ಎಂದು. ಒಬ್ಬ ಸಿಡಿಲೆಂದ, ಒಬ್ಬ ಕಾಡಿನ ಬೆಂಕಿ ಎಂದ, ಒಬ್ಬಳು ಚಳಿಜ್ವರ ಎಂದಳು. ಹುಸೇನ ಎದ್ದು ನಿಂತು, “ನೀರಗಂಟಿ ಅಜ್ಜಾರ ಕೋಲಿಗೆ ರೀ,” ಅಂದ. ಶಾಲೆಗೆ ಶಾಲೆಯೇ ನಕ್ಕಿತು. ಕೆರೆಯ ಹೆಸರನ್ನು ಯಾರೂ ಎತ್ತಲಿಲ್ಲ. ನಮಗದು ಗಂಗವ್ವ; ಅದರ ನೀರು ಕುಡಿದು, ಅದರಲ್ಲೇ ಈಜಿ ಬೆಳೆದವರು ನಾವು. ನನ್ನ ಸರದಿ ಬಂದಾಗ ನಾಲಿಗೆಯ ತುದಿಯಲ್ಲಿ ಒಂದು ಮಾತಿತ್ತು. “ಹುಲಿ,” ಎಂದು ಕೂತುಬಿಟ್ಟೆ.

ಮಧ್ಯಾಹ್ನ, ಗಂಟೆ ಹೊಡೆಯುವ ಮೊದಲೇ, ನೂರು ಗಾಡಿ ಒಮ್ಮೆಗೇ ಇಳಿಜಾರಿಗೆ ಬಿದ್ದಂಥ ಸದ್ದಾಯಿತು. ಶಾಲೆ ದಿಬ್ಬದ ಮೇಲಿತ್ತು. ಅಲ್ಲಿ ನಿಂತೇ ನೋಡಿದೆವು: ನಮ್ಮ ಮನೆ ಬೀಳಲಿಲ್ಲ, ಬೆಲ್ಲದಂತೆ ಕರಗಿತು. ಅವ್ವ, ಕಾಕಾ, ಅಜ್ಜ ಎಲ್ಲ ಮೇಲಿನ ಗದ್ದೆಯಲ್ಲಿ ನಾಟಿಗೆ ಹೋಗಿದ್ದರಿಂದ ಉಳಿದರು. ಕಟ್ಟಿದ್ದ ಎರಡು ಎತ್ತು ಹೋದವು. ಊರಿನ ಅರ್ಧ ಗದ್ದೆ ಮರಳಲ್ಲಿ ಹೂತುಹೋಯಿತು.

ಪಂಚರು ಅಜ್ಜನನ್ನು ಏನೂ ಅನ್ನಲಿಲ್ಲ. ಅವನೇ ಕೋಲನ್ನು ಅವರ ಮುಂದಿಟ್ಟು, “ಮುಂಜಾನಿ ಅದರ ಮ್ಯಾಲ ನಡದ ಬಂದೇನಿ, ಕಾಣಲಿಲ್ಲ. ಕಣ್ಣ ಮಂಜ ಆಗ್ಯಾವ್ರಿ. ಬ್ಯಾರೇದವ್ರನ್ನ ನೋಡ್ಕೊಳ್ರಿ,” ಅಂದ. ಕಾಕಾ ದಾಂಡೇಲಿಗೆ ಕಟ್ಟಿಗೆ ಕಡಿಯುವ ಕೆಲಸಕ್ಕೆ ಹೋದ. ಅವ್ವ ನನ್ನನ್ನೂ ಅಜ್ಜನನ್ನೂ ಕರೆದುಕೊಂಡು ಹಳಿಯಾಳದ ಬಾಡಿಗೆ ಕೋಣೆ ಸೇರಿದಳು. ಅಲ್ಲಿ ಅಜ್ಜ ತನ್ನ ಕೈಯನ್ನು ಕಣ್ಣಿನ ಹತ್ತಿರ ಹಿಡಿದು, ದೂರ ಹಿಡಿದು, ಗೆರೆಗಳನ್ನು ನೋಡುತ್ತ ಕೂರುವನು.

ಒಂದು ದಿನ ಹತ್ತಿರ ಕರೆದ. “ತಂಗಿ, ಅವತ್ತ ನೀನೂ ಅದ ದಾರಿ ಹಿಡದ ಸಾಲಿಗೆ ಹೋದಿ. ನಿನಗೇನರ ಕಂಡಿತ್ತೇನು?”

“ಇಲ್ಲಜ್ಜ.”

“ಸಣ್ಣ ಕಣ್ಣಿಗೂ ಕಾಣಲಿಲ್ಲ ಅಂದ್ರ…” ಎಂದು ದೊಡ್ಡದೊಂದು ಉಸಿರು ಬಿಟ್ಟ. ಆ ದಿನ ಬಹಳ ದಿನಗಳ ಮೇಲೆ ಎರಡನೆಯ ರೊಟ್ಟಿ ಕೇಳಿ ಉಂಡ.

ಮುಂದಿನ ಮಳೆ ನೋಡಲು ಅವನಿರಲಿಲ್ಲ. ಊರ ಹಳಬರು ಇಂದಿಗೂ ನೀರಗಂಟಿಯ ಕಣ್ಣು ಮಂಜಾಗಿ ಕೆರೆ ಒಡೆಯಿತೆಂದೇ ಹೇಳುತ್ತಾರೆ, ನಾನು ಕೇಳಿಸಿಕೊಂಡು ಸುಮ್ಮನೆ ಎದ್ದು ಬಂದಿದ್ದೇನೆ. ಅಜ್ಜನ ಕಣ್ಣಿಗೆ ಏನೂ ಆಗಿರಲಿಲ್ಲ. ಅದನ್ನು ಅವನಿಗೊಬ್ಬನಿಗೆ ಹೇಳಬೇಕಿತ್ತು.