ಬಿಳಿಗಾರ ಹಚ್ಚಿದ ಉಂಗುರ

ಉಂಗುರಗಳಿಗೆ ಕಲ್ಲು ಕೂರಿಸುವ ಆ ಮನುಷ್ಯನನ್ನು ಕಾರ್ಖಾನೆಯಲ್ಲಿ ಎಲ್ಲರೂ ಹದ್ದಣ್ಣ ಎಂದೇ ಕರೆಯುತ್ತಿದ್ದರು. ಕಣ್ಣಿಗೆ ಮಸೂರ ಸಿಕ್ಕಿಸಿಕೊಂಡು ಕೂತನೆಂದರೆ ಸಾಸಿವೆಯಷ್ಟು ಕಲ್ಲಿನೊಳಗಿನ ಬಿರುಕನ್ನೂ ಬಿಡುತ್ತಿರಲಿಲ್ಲ. ಬಾಯಿ ಮಾತ್ರ ಕಣ್ಣಿಗಿಂತ ಚೂಪು. ವಜ್ರದ ಬದಲಿಗೆ ಪ್ರಯೋಗಾಲಯದಲ್ಲಿ ಬೆಳೆಸಿದ ಕಲ್ಲು ಯಾವುದೇ ಬರಲಿ, "ಬಾಟ್ಲಿ ಚೂರು ಬಂತು ನೋಡ್ರಪ್ಪಾ" ಎಂದು ಮೇಜಿನ ಆ ತುದಿಗೆ ತಳ್ಳುವನು. ಅಂಥ ಉಂಗುರ ತೊಡಿಸಿ ಮದುವೆಗೆ ಕೇಳುವ ಗಂಡಸು ನಾಳೆ ಹೆಂಡತಿಗೆ ಏನು ಕೊಟ್ಟಾನು ಎಂಬುದು ಅವನ ವಾದ. ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಎನ್ನುವವನ ಜೊತೆ ವಾದಕ್ಕೆ ಯಾರು ಇಳಿಯುತ್ತಾರೆ? ಎಲ್ಲರೂ ಹೂಂ ಅಂದು ಸುಮ್ಮನಾಗುತ್ತಿದ್ದರು.

ಆದರೆ ಈಚೆಗೆ ಆ ಕಣ್ಣೇ ಕೈಕೊಟ್ಟಿತ್ತು. ಒಳಗಿನ ನರ ಒಣಗುತ್ತಿದೆ, ಔಷಧಿ ಇಲ್ಲ ಎಂದುಬಿಟ್ಟಿದ್ದರು ಡಾಕ್ಟರು. ಇದನ್ನು ಅವನು ಒಂದು ನರಪಿಳ್ಳೆಗೂ ಹೇಳಿರಲಿಲ್ಲ. ಪಕ್ಕದ ಕುರ್ಚಿಯ ಹಿರಿಯನಿಗೆ ಕಣ್ಣು ಮಂಜಾದಾಗ ಯಜಮಾನರು ಕೈಮುಗಿದು ಮನೆಗೆ ಕಳಿಸಿದ್ದು, ಆತ ಆಮೇಲೂ ದಿನಾ ಬೆಳಿಗ್ಗೆ ಬಂದು ಗೇಟಿನ ಹೊರಗೆ ನಿಂತು ಹೋಗುತ್ತಿದ್ದದ್ದು ಅವನಿಗೆ ನೆನಪಿತ್ತು. ಹಾಗಾಗಿ ಕಲ್ಲನ್ನು ಹಿಡಿದಿಡುವ ಚಿನ್ನದ ಉಗುರುಗಳನ್ನು ಬೆರಳತುದಿಯಲ್ಲಿ ತಡವಿ ತಡವಿ ಕೆಲಸ ಸಾಗಿಸುತ್ತಿದ್ದ. ಮಸೂರ ಬರೀ ತೋರಿಕೆಗೆ.

ಹೆಂಡತಿ ಹೋದ ಮೇಲೆ ಮಗಳನ್ನು ಮನೆಯ ಕೆಲಸದ ಮೇಜಿನ ಪಕ್ಕದಲ್ಲೇ ಕೂರಿಸಿಕೊಂಡು ಬೆಳೆಸಿದವನು ಅವನು. ಯಾವ ಕಲ್ಲಿಗೆ ಎಷ್ಟು ಬೆಂಕಿ ಎಂಬುದನ್ನು ಮಗ್ಗಿಯ ಜೊತೆಗೇ ಕಲಿಸಿದ್ದ. ಈಗ ಅವಳು ಔಷಧಿ ಅಂಗಡಿಯಲ್ಲಿ ಕೆಲಸಕ್ಕಿದ್ದಳು. ಬಸ್ಸುಗಳ ಎಂಜಿನ್ ಬಿಚ್ಚಿ ಕಟ್ಟುವ ಹುಡುಗನೊಬ್ಬ ಅವಳಿಗೆ ಉಂಗುರ ತೊಡಿಸಿದ್ದ. ಅವಳು ಅದನ್ನು ಅಂಜುತ್ತಲೇ ಬಿಚ್ಚಿ ಅಪ್ಪನ ಅಂಗೈಯಲ್ಲಿಟ್ಟಳು. ಹದ್ದಣ್ಣ ಕಿಟಕಿಗೆ ಹೋಗಿ ಮಸೂರ ಸಿಕ್ಕಿಸಿ, ಅತ್ತ ಇತ್ತ ತಿರುಗಿಸಿ ನೋಡಿದ. ಕಂಡದ್ದು ಒಂದು ಬೆಳಕಿನ ಮುದ್ದೆ, ಅಷ್ಟೇ. ಮದುವೆಗೆ ಕೇಳುವ ಹುಡುಗ ತಂದದ್ದು ವಜ್ರವೇ ಇರಬೇಕು ಎಂದುಕೊಂಡ.

"ಒಳ್ಳೇ ಕಲ್ಲು" ಎಂದ. "ಹುಡುಗ ನೋಡೀನೇ ತಂದಿದಾನೆ."

ಮಗಳು ಅವನ ಭುಜಕ್ಕೆ ಮುಖ ಒತ್ತಿ ಅತ್ತಳು. ಉಂಗುರಕ್ಕೆ ಇಷ್ಟೊಂದು ಅಳಬೇಕೆ ಎಂದು ಅವನಿಗೆ ಅನ್ನಿಸದೆ ಇರಲಿಲ್ಲ.

ಉಂಗುರ ಸ್ವಲ್ಪ ಸಡಿಲವಿತ್ತು. "ನಾನು ಬದುಕಿರುವಾಗ ಇನ್ನೊಬ್ಬರ ಕೈಗೆ ಯಾಕೆ ಕೊಡ್ತೀಯ, ಇಲ್ಲಿ ಬಿಟ್ಟು ಹೋಗು" ಎಂದ. ಮಗಳು ಕೆಲಸಕ್ಕೆ ಹೋದ ಮೇಲೆ ಉಂಗುರದ ಸುತ್ತಿನಿಂದ ಚೂರು ಚಿನ್ನ ಕತ್ತರಿಸಿ ತೆಗೆದು, ತುದಿಗಳನ್ನು ಕೂಡಿಸಿ ಬೆಸುಗೆಗೆ ಕೂತ. ಬೇರೆ ಕಲ್ಲಾದರೆ ಬಿಚ್ಚಿಟ್ಟೇ ಬೆಂಕಿ ಹಿಡಿಯಬೇಕು. ಆಮೇಲೆ ತಿರುಗಿ ಕೂರಿಸಲು ಕಣ್ಣು ಬೇಕು. ವಜ್ರಕ್ಕೆ ಆ ಕಾಟವಿಲ್ಲ. ಬೆಸುಗೆಗೆ ಬಳಸುವ ಬಿಳಿಗಾರದ ಪುಡಿ ಕಲಸಿ ಹಚ್ಚಿದರೆ ಉರಿ ತಾಗದಂತೆ ಅದೇ ಕಾಯುತ್ತದೆ. ಸದ್ಯ, ವಜ್ರವಾಗಿದ್ದು ಒಳ್ಳೆಯದಾಯಿತು ಎಂದುಕೊಂಡು ಕಲ್ಲಿನ ಮೇಲೆ ದಪ್ಪಗೆ ಬಿಳಿಗಾರ ಮೆತ್ತಿ ಉರಿ ಹಿಡಿದ.

ಆರಿಸಿ ತೊಳೆದು ಹೆಬ್ಬೆರಳಿನಿಂದ ಸವರಿದ. ಗಾಜಿನಂತೆ ಜಾರಬೇಕಾದ ಮುಖ ತರಿತರಿಯಾಗಿತ್ತು. ಹದ್ದಣ್ಣ ಮತ್ತೊಮ್ಮೆ ಸವರಿ ನೋಡಿದ. ಬಿಳಿಗಾರ ಹಾಗೆ ಕಚ್ಚುವುದು ನೀಲದ, ಅಂದರೆ ನೀಲಮಣಿಯ ಜಾತಿಯ ಕಲ್ಲನ್ನು. ಇದು ವಜ್ರವಲ್ಲ, ವಜ್ರದ ಬದಲಿಗೆ ಪ್ರಯೋಗಾಲಯದಲ್ಲಿ ಬೆಳೆಸಿದ, ಬಣ್ಣವಿಲ್ಲದ ನೀಲ. ವಜ್ರವನ್ನು ಕಾಯುವ ಮದ್ದೇ ಅದಕ್ಕೆ ವಿಷ.

ಸಂಜೆ ಬಂದ ಮಗಳು ಉಂಗುರವನ್ನು ದೀಪದ ಕೆಳಗೆ ಹಿಡಿದಳು.

"ಬಿಳಿಗಾರ ಹಚ್ಚಿದ್ಯಾ ಅಪ್ಪಾ?"

ಅವನು ಮೇಜಿನ ಮೇಲಿದ್ದ ಬಿಳಿಗಾರದ ಡಬ್ಬಿಯನ್ನು ಪಕ್ಕಕ್ಕೆ ಸರಿಸಿದ.

"ನೀಲ ಕಂಡ್ರೆ ಬಿಳಿಗಾರದ ಡಬ್ಬಿ ಮುಚ್ಚಿಡು ಅಂತ ನನಗೆ ಹೇಳಿಕೊಟ್ಟೋನೇ ನೀನು. ಅವತ್ತು ಮಸೂರ ಹಾಕ್ಕೊಂಡು ನೋಡ್ದೆ. ಏನು ಕಲ್ಲು ಅಂತ ಗೊತ್ತಾಗಿಯೂ ಒಳ್ಳೇದು ಅಂದೆ ಅಂದ್ಕೊಂಡೆ. ನಮ್ಮಪ್ಪ ನಮಗೋಸ್ಕರ ಹಟ ಬಿಟ್ಟ ಅಂತ ಅವನಿಗೆ ಹೇಳಿ ಹೇಳಿ ಖುಷಿಪಟ್ಟೆ." ಅವಳ ದನಿ ತಗ್ಗಿತು. "ಬೇಕಂತಲೇ ಮಾಡಿದ್ಯಾ?"

ಕಣ್ಣು ಕಾಣಲ್ಲ ಮಗಳೇ ಅಂದಿದ್ದರೆ ಮುಗಿದುಹೋಗುತ್ತಿತ್ತು. ಆದರೆ ಅಂದಮೇಲೆ ಅವಳು ಬಿಡುವವಳೇ? ಇನ್ನು ಉರಿಯ ಮುಂದೆ ಕೂರಬೇಡ ಎಂದು ತಾನೇ ಹೋಗಿ ಯಜಮಾನರಿಗೆ ಹೇಳುತ್ತಾಳೆ. ಕುರ್ಚಿ ಹೋಗುತ್ತದೆ, ಹದ್ದಣ್ಣನೆಂಬ ಹೆಸರು ಹೋಗುತ್ತದೆ, ಉಳಿಯುವುದು ಗೇಟು. ಅಯ್ಯೋ, ಜಟ್ಟಿ ನೆಲಕ್ಕೆ ಬಿದ್ದರೂ ಮೀಸೆ ಮಣ್ಣಾಗಬಾರದು ನೋಡಿ. ಸುಡಲಿ ಆ ಮೀಸೆಯನ್ನು.

"ಹೌದು" ಎಂದ. "ನನ್ನ ಮಗಳ ಬೆರಳಲ್ಲಿ ಬಾಟ್ಲಿ ಚೂರು ನೋಡಕ್ಕಾಗಲಿಲ್ಲ."

ಅವಳು ಕೂಗಾಡಲಿಲ್ಲ. ಮಂಕಾದ ಉಂಗುರವನ್ನು ಬೆರಳಿಗೆ ಏರಿಸಿಕೊಂಡಳು. ಅಳತೆ ಮಾತ್ರ ಹೇಳಿ ಮಾಡಿಸಿದ ಹಾಗಿತ್ತು.

"ಮದುವೇಲಿ ಇದನ್ನೇ ಹಾಕ್ಕೊಂಡಿರ್ತೀನಿ. ನೀನು ಬರೋದು ಬೇಡ" ಎಂದು ಒಳಗೆ ಹೋಗಿ ಬಟ್ಟೆ ತುಂಬಿಕೊಂಡಳು. ಬಾಗಿಲು ಎಳೆದುಕೊಂಡ ಸದ್ದಾಯಿತು.

ಹದ್ದಣ್ಣ ಕೂತೇ ಇದ್ದ. ಮೆಟ್ಟಿಲಿನ ಮೇಲೆ ಅವಳ ಚಪ್ಪಲಿಯ ಸದ್ದು ಕೆಳಗಿಳಿದು ನಿಂತ ಮೇಲೆ ಅದೇನಾಯಿತೋ, ಎದ್ದು ಬರಿಗಾಲಲ್ಲೇ ಗೋಡೆ ಹಿಡಿದುಕೊಂಡು ಇಳಿದ. ಕೆಲಸ ಬಿಟ್ಟ ಜನವೆಲ್ಲ ಬೀದಿಯಲ್ಲಿತ್ತು. ಕುರ್ಚಿ ಹೋದರೆ ಹೋಗಲಿ, ಹೆಸರು ಹಾಳಾಗಿ ಹೋಗಲಿ ಎಂದು ಅವನಿಗೆ ಆಗ ಅನ್ನಿಸಿತು. ಮುಂದೆ ಚೀಲ ಹೊತ್ತು ಹೋಗುತ್ತಿದ್ದ ಹೆಣ್ಣುಮಗಳ ಹಿಂದೆ ಏದುಸಿರು ಬಿಡುತ್ತ ಓಡಿ ಕೈ ಹಿಡಿದುಕೊಂಡ.

"ಸುಳ್ಳು ಹೇಳ್ದೆ ಮಗಳೇ. ನನಗೆ ಕಣ್ಣು ಕಾಣಲ್ಲ."

"ಅಯ್ಯೋ ಪಾಪ" ಎಂದಿತು ಗುರುತಿಲ್ಲದ ದನಿಯೊಂದು. "ಎಲ್ಲಿಗೆ ಹೋಗ್ಬೇಕಜ್ಜಾ, ರಸ್ತೆ ದಾಟಿಸ್ಲಾ?"